ಚಕ್ಕಣ ಮಾಡುವುದೇನು, ಮಾಡಲಾರದ್ದೇನು?

ಅರಸೀಕೆರೆಯ ಜಂಕ್ಷನ್ನಿನಲ್ಲಿ ರೈಲಿಳಿದು ಹಳೇಬೀಡು ಬೇಲೂರುಗಳ ಕಡೆಗೆ ಹೊರಡುವ ಪ್ರವಾಸಿಗನ ಕಣ್ಣಿಗೆ ಮೊದಲು ಬೀಳುವುವು ತೆಂಗಿನ ತೋಟಗಳು. ಜಾವಗಲ್ಲನ್ನು ದಾಟಿ ಹಳೇಬೀಡಿನತ್ತ ಸಾಗಿದಂತೆ ರಾಗಿ, ಹುರುಳಿ, ಆಲೂಗೆಡ್ಡೆಗಳ ಹೊಲಗಳು ಬರುತ್ತವೆ. ಯಗಚಿಯ ತೀರದ ಬೇಲೂರನ್ನು ಮುಟ್ಟಿ ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಕಾಫಿಯ ತೋಟಗಳೂ ಬಿದಿರ ಮೆಳೆಗಳೂ ಎದುರಾಗುತ್ತವೆ. ಬಯಲುಸೀಮೆಯು ಮೆಲ್ಲಮೆಲ್ಲನೆ ಮಲೆನಾಡಾಗುವ ಈ ದಾರಿಯಲ್ಲಿ ಬೆಳೆ ಬದಲಾದರೂ ಬದಲಾಗದ ಒಂದು ನೋಟವುಂಟು. ಊರಂಚಿನ ಮದ್ಯದಂಗಡಿಯ ಪಕ್ಕದಲ್ಲಿ ಸಂಜೆಯಾಗುತ್ತಲೇ ಬಂದು ನಿಲ್ಲುವ ತಳ್ಳುಗಾಡಿ ಅದು. ಹುರಿದ ಕಡಲೆಕಾಯಿ, ಬೇಯಿಸಿದ ಮೊಟ್ಟೆ, ಈರುಳ್ಳಿ ಹಸಿಮೆಣಸಿನಕಾಯಿಗಳನ್ನು ಹೆಚ್ಚಿ ನಿಂಬೆಯ ರಸ ಹಿಂಡಿದ ಕಡಲೆಕಾಳು, ಹುರುಳಿಯ ಉಸಲಿ, ಕುರಿಯ ಈಲಿ, ಬೋಟಿ ಗೊಜ್ಜು ಇವೆಲ್ಲ ಅಲ್ಲಿ ದೊರೆಯುತ್ತವೆ.

ವಿದ್ಯಾರ್ಥಿಗಳು ಓದುವ ವಿಜ್ಞಾನ ಪತ್ರಿಕೆಯಲ್ಲಿ ಮದ್ಯದಂಗಡಿಯ ಮಾತೇಕೆ ಎಂದು ಹಿರಿಯರು ಕೆಲವರು ಹುಬ್ಬೇರಿಸಬಹುದು. ನಮ್ಮ ಗಮನ ಇರುವುದು ಅಂಗಡಿಯ ಮೇಲಲ್ಲ, ಗಾಡಿಯ ಮೇಲೆ. ಅದಕ್ಕಿಂತ ಹೆಚ್ಚಾಗಿ, ಆ ಗಾಡಿಯ ಸುತ್ತ ಬೆಳೆದಿರುವ ಒಂದು ನಂಬಿಕೆಯ ಮೇಲೆ. "ಹೊಟ್ಟೆ ತುಂಬ ನೆಂಚಿಕೊಂಡು ಕುಡಿದರೆ ಏನೂ ಆಗದು" ಎನ್ನುವ ಮಾತನ್ನು ನಮ್ಮ ವಾಚಕರಲ್ಲಿ ಬಹುಮಂದಿ ಮನೆಯಲ್ಲಿಯೋ ಬೀದಿಯಲ್ಲಿಯೋ ಕೇಳಿಯೇ ಇರುತ್ತಾರೆ. ಈ ಮಾತು ಅರ್ಧ ನಿಜ. ಪೂರ್ಣ ಸುಳ್ಳಾಗಿದ್ದರೆ ಅದು ಎಂದೋ ಸತ್ತುಹೋಗುತ್ತಿತ್ತು. ಅರ್ಧ ನಿಜವಾಗಿರುವುದರಿಂದಲೇ ಅದು ಬದುಕಿದೆ. ರಾತ್ರಿ ದ್ವಿಚಕ್ರವಾಹನದ ಮೇಲೆ ಮನೆಗೆ ಮರಳುವವನ ಪ್ರಾಣಕ್ಕೆ ಎರವಾಗುವ ಶಕ್ತಿಯನ್ನೂ ಪಡೆದಿದೆ.

ಮದ್ಯದೊಡನೆ ತಿನ್ನುವ ಈ ತಿನಿಸಿಗೆ ಕನ್ನಡದಲ್ಲಿ ಚಕ್ಕಣವೆಂಬ ಹಳೆಯ ಹೆಸರಿದೆ. ಸಂಸ್ಕೃತದ ಚಕ್ಷಣ ಎಂಬ ಶಬ್ದಕ್ಕೂ ನಿಘಂಟುಕಾರರು ಇದೇ ಅರ್ಥವನ್ನು ಕೊಡುತ್ತಾರೆ. ಉತ್ತರ ಕರ್ನಾಟಕದ ಊರುಗಳಲ್ಲಿ ಇಂದಿಗೂ ಚಾಕಣಾ ಎನ್ನುವವರುಂಟು. ಸಂಸ್ಕೃತದಲ್ಲಿ ಉಪದಂಶವೆಂಬ ಇನ್ನೊಂದು ಮಾತಿದೆ. ನಡುನಡುವೆ ಕಚ್ಚಿಕೊಳ್ಳುವುದು ಎಂದು ಅದರ ಭಾವ. ಪೂರ್ವ ಸಮುದ್ರದಾಚೆಯ ಫಿಲಿಪ್ಪೀನ್ಸ್ ದ್ವೀಪಗಳ ಜನ ಇದನ್ನು ಪುಲುತನ್ ಎನ್ನುತ್ತಾರೆ. ಪುಲೋತ್ ಎಂದರೆ ಅವರ ಭಾಷೆಯಲ್ಲಿ ಹೆಕ್ಕುವುದು. ಒಬ್ಬರು ಕಚ್ಚುವುದನ್ನು ಕಂಡರು, ಇನ್ನೊಬ್ಬರು ಬೆರಳಿನಿಂದ ಹೆಕ್ಕುವುದನ್ನು ಕಂಡರು. ವಸ್ತು ಮಾತ್ರ ಒಂದೇ.

ಪಂಪನ ತಟ್ಟೆ, ನಮ್ಮ ತಟ್ಟೆ

ಕ್ರಿ. ಶ. ೯೪೧ರ ಸುಮಾರಿನಲ್ಲಿ ರಚಿತವಾದ 'ವಿಕ್ರಮಾರ್ಜುನ ವಿಜಯ'ದಲ್ಲಿ ಆದಿಕವಿ ಪಂಪನು ಒಂದು ಪಾನಗೋಷ್ಠಿಯನ್ನು ವರ್ಣಿಸಿದ್ದಾನೆ. ಅಲ್ಲಿ ಬಗೆಬಗೆಯ ಕಳ್ಳುಗಳೊಡನೆ ಚಕ್ಕಣಗಳ ಪಟ್ಟಿಯೂ ಬರುತ್ತದೆ. ಎಳೆಬಿದಿರ ಕುಡಿ, ಮಾವಿನ ಮಿಡಿ, ಮೆಣಸು, ಕಡಲೆಯ ಪುಡಿ, ಅಲ್ಲ ಇವು ಅದರಲ್ಲಿ ಕಾಣಿಸಿಕೊಳ್ಳುತ್ತವೆ. ಸಾವಿರ ವರ್ಷಕ್ಕೂ ಹಿಂದಿನ ಈ ತಟ್ಟೆಯನ್ನು ಇಂದಿನ ತಳ್ಳುಗಾಡಿಯ ತಟ್ಟೆಯ ಪಕ್ಕದಲ್ಲಿರಿಸಿ ನೋಡಿದರೆ ಒಂದು ಸ್ವಾರಸ್ಯ ಹೊರಪಡುತ್ತದೆ. ಇಂದಿನ ತಟ್ಟೆಯ ಮುಖ್ಯ ಪದಾರ್ಥಗಳಾದ ಕಡಲೆಕಾಯಿ ಮತ್ತು ಮೆಣಸಿನಕಾಯಿ ಎರಡೂ ಪಂಪನಿಗೆ ತಿಳಿದಿರಲಿಲ್ಲ. ತಿಳಿಯುವುದು ಸಾಧ್ಯವೂ ಇರಲಿಲ್ಲ. ಅವೆರಡೂ ಅಮೆರಿಕ ಖಂಡದ ಸಸ್ಯಗಳು. ಕೊಲಂಬಸನ ೧೪೯೨ರ ಯಾನದ ತರುವಾಯ, ಯೂರೋಪಿನ ನಾವಿಕರ ಹಡಗುಗಳನ್ನೇರಿ ಅವು ನಮ್ಮ ತೀರಗಳನ್ನು ಸೇರಿದವು.

ಹೊಸಬರಿಗೆ ಕನ್ನಡಿಗರು ಇಟ್ಟ ಹೆಸರುಗಳನ್ನು ಗಮನಿಸಿರಿ. ಪಂಪನ ತಟ್ಟೆಯಲ್ಲಿ ಮೆಣಸು ಮತ್ತು ಕಡಲೆ ಇದ್ದುವಷ್ಟೆ. ಖಾರದ ಹೊಸ ಕಾಯಿ ಬಂದಾಗ ಅದು ಮೆಣಸಿನಕಾಯಿಯಾಯಿತು. ಮಣ್ಣಿನೊಳಗೆ ಬೆಳೆಯುವ ಹೊಸ ಬೀಜ ಬಂದಾಗ ಕಡಲೆಕಾಯಿಯಾಯಿತು. ಸಸ್ಯಶಾಸ್ತ್ರದ ದೃಷ್ಟಿಯಿಂದ ಮೆಣಸಿಗೂ ಮೆಣಸಿನಕಾಯಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಒಂದರ ಖಾರಕ್ಕೆ ಪೈಪರೀನ್ ಕಾರಣ, ಇನ್ನೊಂದರದಕ್ಕೆ ಕ್ಯಾಪ್ಸೈಸಿನ್. ಆದರೂ ನಾಲಗೆಯ ಮೇಲೆ ಎರಡೂ ಮಾಡುವ ಕೆಲಸ ಒಂದೇ ಆದುದರಿಂದ ಹಳಬನ ಹೆಸರೇ ಹೊಸಬನಿಗೂ ಸಂದಿತು. ಪದಾರ್ಥ ಬದಲಾಯಿತು, ಪಾತ್ರ ಬದಲಾಗಲಿಲ್ಲ.

ಪಂಪನ ಪಟ್ಟಿಯ ಬಿದಿರ ಕುಡಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಮಲೆನಾಡಿನಲ್ಲಿ ಇದಕ್ಕೆ ಕಳಲೆಯೆಂದು ಹೆಸರು. ಮಳೆಗಾಲದಲ್ಲಿ ನೆಲದಿಂದ ಮೂಡುವ ಈ ಮೊಳಕೆಯಲ್ಲಿ ಟ್ಯಾಕ್ಸಿಫಿಲ್ಲಿನ್ ಎಂಬ ವಸ್ತುವಿದೆ. ಕಳಲೆಯನ್ನು ಕತ್ತರಿಸಿದಾಗ ಜೀವಕೋಶಗಳು ಒಡೆದು, ಅದರಲ್ಲಿಯೇ ಇರುವ ಕಿಣ್ವವು ಆ ವಸ್ತುವಿನ ಮೇಲೆ ಕೆಲಸ ಮಾಡಿ ಹೈಡ್ರೊಸಯನಿಕ್ ಆಮ್ಲವೆಂಬ ಉಗ್ರ ವಿಷವನ್ನು ಬಿಡುಗಡೆ ಮಾಡುತ್ತದೆ. ಮಲೆನಾಡಿನ ಗೃಹಿಣಿಯರು ಇದರ ರಸಾಯನಶಾಸ್ತ್ರವನ್ನು ಓದಿದವರಲ್ಲ. ಆದರೆ ಕಳಲೆಯನ್ನು ತೆಳ್ಳಗೆ ಹೆಚ್ಚಿ, ನೀರಿನಲ್ಲಿ ನೆನೆಯಿಟ್ಟು, ಆ ನೀರನ್ನು ದಿನದಿನವೂ ಚೆಲ್ಲಿ ಹೊಸ ನೀರು ಹಾಕಿ, ಆಮೇಲೆಯೇ ಬೇಯಿಸುವ ಪದ್ಧತಿಯನ್ನು ಅವರು ಬಿಟ್ಟಿಲ್ಲ. ತೆಳ್ಳಗೆ ಹೆಚ್ಚುವುದರಿಂದ ಕಿಣ್ವಕ್ಕೆ ಅವಕಾಶ ದೊರೆಯುತ್ತದೆ. ಬಿಡುಗಡೆಯಾದ ವಿಷ ನೀರಿನಲ್ಲಿ ಕರಗಿ ಹೋಗುತ್ತದೆ. ಉಳಿದುದು ಕುದಿಯುವಾಗ ಆವಿಯಾಗುತ್ತದೆ. ಇದಕ್ಕಿಂತ ಒಳ್ಳೆಯ ವಿಧಾನವನ್ನು ಪ್ರಯೋಗಶಾಲೆಯೂ ಸುಲಭವಾಗಿ ಹೇಳಲಾರದು.

ಕಿಣ್ವವೆಂಬ ಮಾತು ಬಂದಿತು. ಇಂದು ಜೀವರಸಾಯನದ ಪಾಠದಲ್ಲಿ ವಿದ್ಯಾರ್ಥಿಗಳು ಓದುವ ಈ ಶಬ್ದ ಮೂಲತಃ ಸುರೆ ಕಾಸುವವರದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯಕ್ಕೆ ಹುದುಗು ಬರಿಸಲು ಬೆರೆಸುವ ಮಿಶ್ರಣವೇ ಕಿಣ್ವ. ಇಂಗ್ಲಿಷಿನ ಎನ್‌ಜೈಮ್ ಶಬ್ದದ ಗ್ರೀಕ್ ಮೂಲವೂ ಹುದುಗನ್ನೇ ಸೂಚಿಸುತ್ತದೆ. ಎರಡು ಸಂಸ್ಕೃತಿಗಳ ವಿದ್ವಾಂಸರೂ ತಮ್ಮ ಶಾಸ್ತ್ರಕ್ಕೆ ಶಬ್ದವನ್ನು ಹುದುಗಿನ ಮಡಕೆಯಿಂದಲೇ ಎತ್ತಿಕೊಂಡರೆಂಬುದು ಸೋಜಿಗವಲ್ಲವೆ?

ಬೇಲೂರಿನಲ್ಲಿ ವಿಷ್ಣುವರ್ಧನನು ೧೧೧೭ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ ಮೇಲೆ ಹೆಚ್ಚು ಕಾಲ ಕಳೆಯುವ ಮೊದಲೇ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಮನೆಯ ಅಡುಗೆಯನ್ನು ಅದು ವಿವರವಾಗಿ ಹೇಳುತ್ತದೆ. ಯಕೃತ್ತನ್ನು ತುಂಡರಿಸಿ, ಕೆಂಡದಲ್ಲಿ ಸುಟ್ಟು, ಮಸಾಲೆಯೊಡನೆ ಹುರಿಯುವ ಕ್ರಮವೂ ಅದರಲ್ಲಿದೆ. ಹಳೇಬೀಡಿನ ದಾರಿಯ ಗಾಡಿಯವನು ಈಲಿ ಹುರಿಯುವಾಗ ತಾನೊಂದು ರಾಜಯೋಗ್ಯ ಪಾಕವನ್ನು ಮಾಡುತ್ತಿರುವೆನೆಂದು ಅರಿಯನು.

ಒಂದೇ ಮರ, ಎರಡು ನಾಡು

ಫಿಲಿಪ್ಪೀನ್ಸಿನ ಮಾತನ್ನು ಮೇಲೆ ಎತ್ತಿದೆವು. ಅರಸೀಕೆರೆಯವರಿಗೆ ಆ ನಾಡು ತೀರ ಅಪರಿಚಿತವಾಗಿ ತೋರಬೇಕಿಲ್ಲ, ಏಕೆಂದರೆ ತೆಂಗು ಇಬ್ಬರದೂ ಮರ. ಅರಸೀಕೆರೆ ತಿಪಟೂರುಗಳ ರೈತನು ಕಾಯನ್ನು ಬಲಿಯಲು ಬಿಟ್ಟು, ಸಿಪ್ಪೆಯೊಡನೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿ, ಒಳಗಿನ ನೀರು ಬತ್ತಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಉಂಡೆಕೊಬ್ಬರಿಯನ್ನು ತೆಗೆಯುತ್ತಾನೆ. ಫಿಲಿಪ್ಪೀನ್ಸಿನಲ್ಲಿಯೂ ಕೊಬ್ಬರಿಯುಂಟು. ಆದರೆ ಅಲ್ಲಿ ಬಹಳ ಮರಗಳ ಹೊಂಬಾಳೆಯನ್ನು ಕಾಯಾಗುವ ಮೊದಲೇ ಕೊಯ್ದು ರಸವನ್ನು ಇಳಿಸುತ್ತಾರೆ. ಈ ರಸದಲ್ಲಿ ನೂರಕ್ಕೆ ಸುಮಾರು ೧೫ ಪಾಲು ಸಕ್ಕರೆಯಿರುತ್ತದೆ. ಗಾಳಿಯಲ್ಲಿರುವ ಯೀಸ್ಟ್ ಕೂಡಲೇ ಅದನ್ನು ಹಿಡಿದು, ಒಂದು ದಿನದೊಳಗೆ ನೂರಕ್ಕೆ ೪ರಿಂದ ೬ ಪಾಲು ಮದ್ಯಸಾರವುಳ್ಳ ಟೂಬಾ ಎಂಬ ಹೆಂಡವಾಗಿಸುತ್ತದೆ. ಅದನ್ನು ಬಟ್ಟಿಯಿಳಿಸಿದರೆ ಲಂಬನೋಗ್. ಇಳಿಸದೆ ಹಾಗೆಯೇ ಬಿಟ್ಟರೆ ಇನ್ನೊಂದು ಬಗೆಯ ಸೂಕ್ಷ್ಮಜೀವಿಗಳು ಬಂದು ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಹೆಂಡ ಹುಳಿಯಾಗಿ ವಿನೆಗರ್ ಆಗುತ್ತದೆ. ಹೀಗೆ ಪಾನವೂ ಅದರ ಚಕ್ಕಣಕ್ಕೆ ಬೇಕಾದ ಹುಳಿಯೂ ಒಂದೇ ಮರದ ಒಂದೇ ರಸದಿಂದ ಹುಟ್ಟುತ್ತವೆ.

ಆ ಹುಳಿಯಲ್ಲಿ ಹಸಿಮೀನಿನ ತುಂಡುಗಳನ್ನು ಅದ್ದಿ ಕಿನಿಲಾವ್ ಎಂಬ ಪುಲುತನ್ ಮಾಡುತ್ತಾರೆ. ಒಲೆಯ ಮೇಲಿಡದೆಯೇ ಮೀನಿನ ಪಾರದರ್ಶಕ ಮಾಂಸ ಬೆಳ್ಳಗಾಗಿ ಗಟ್ಟಿಯಾಗುತ್ತದೆ. ಆಮ್ಲವು ಪ್ರೋಟೀನಿನ ಮಡಿಕೆಗಳನ್ನು ಬಿಚ್ಚುವುದೇ ಇದಕ್ಕೆ ಕಾರಣ. ಬಿಸಿ ಮಾಡುವ ಕೆಲಸವೂ ಅದೇ. ನೋಡಲು ಬೆಂದಂತಿರುವುದೆಲ್ಲ ಬೆಂದದ್ದಲ್ಲ. ಮೀನಿನಲ್ಲಿರಬಹುದಾದ ಪರೋಪಜೀವಿ ಹುಳುಗಳನ್ನು ಹುಳಿ ಕೊಲ್ಲುತ್ತದೆಂದು ನಂಬುವಂತಿಲ್ಲ. ಹಂದಿಯ ಚರ್ಮವನ್ನು ಗರಿಗರಿಯಾಗಿ ಕರಿದ ಚಿಚರೋನ್, ಬೆಳ್ಳುಳ್ಳಿಯೊಡನೆ ಕರಿದ ಕಡಲೆಕಾಯಿ ಇವೂ ಅಲ್ಲಿ ಜನಪ್ರಿಯ. ಕಡಲೆಕಾಯಿಗೆ ಅವರು ಮನಿ ಎನ್ನುತ್ತಾರೆ; ಅಮೆರಿಕದ ಹೆಸರು ಸ್ಪೇನಿನವರ ಹಡಗಿನಲ್ಲಿ ಬೀಜದ ಜೊತೆಗೇ ಬಂದಿತು. ನಾವು ಹೊಸ ಬೀಜಕ್ಕೆ ನಮ್ಮ ಹಳೆಯ ಹೆಸರನ್ನು ಕೊಟ್ಟೆವು, ಅವರು ಹೆಸರನ್ನೂ ಕೊಂಡರು.

ಇಂದು ಜಗತ್ತಿನಲ್ಲೆಲ್ಲ ಹೆಸರಾಗಿರುವ ಸಿಸಿಗ್ ಎಂಬ ಪುಲುತನ್ ಹಂದಿಯ ತಲೆಯ ಮಾಂಸವನ್ನು ಸುಟ್ಟು ಕೊಚ್ಚಿ ಮಾಡುವಂಥದು. ಪಂಪಾಂಗ ಪ್ರಾಂತ್ಯದ ಆಂಜಲಿಸ್ ನಗರದಲ್ಲಿ ೧೯೭೦ರ ದಶಕದಲ್ಲಿ ಅದು ಈ ರೂಪವನ್ನು ತಳೆಯಿತು. ಆದರೆ ೧೭೩೨ರಲ್ಲಿ ಒಬ್ಬ ಸ್ಪೇನಿನ ಪಾದ್ರಿ ಬರೆದ ಆ ಪ್ರಾಂತ್ಯದ ಭಾಷೆಯ ನಿಘಂಟಿನಲ್ಲಿ, ಸಿಸಿಗ್ ಎಂದರೆ ಉಪ್ಪು, ಮೆಣಸು, ಬೆಳ್ಳುಳ್ಳಿ, ಹುಳಿಗಳನ್ನು ಬೆರೆಸಿದ ಎಳೆಯ ಪರಂಗಿ ಅಥವಾ ಸೀಬೆಯ ಕಾಯಿ. ಪಂಪನ ಮಾವಿನ ಮಿಡಿಗೂ ಇದಕ್ಕೂ ಎಷ್ಟು ದೂರ? (ಪಂಪ, ಪಂಪಾಂಗ ಎಂಬ ಹೆಸರುಗಳ ಹೋಲಿಕೆ ಕೇವಲ ಕಾಕತಾಳೀಯ, ಯಾರೂ ಇದರ ಮೇಲೆ ಪ್ರಬಂಧ ಬರೆಯಲು ಹೊರಡದಿರಲಿ.)

ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು ಉಪ್ಪು, ಹುಳಿ, ಖಾರ, ಗರಿಗರಿ ಇವುಗಳನ್ನೇ ಏಕೆ ಆರಿಸಿಕೊಂಡವು? ಉತ್ತರದ ಒಂದು ಭಾಗ ನಾಲಗೆಯಲ್ಲಿದೆ. ಮದ್ಯಸಾರ ನಾಲಗೆಗೆ ಕಹಿ. ಉಪ್ಪಿನಲ್ಲಿರುವ ಸೋಡಿಯಂ ಕಹಿಯ ಅರಿವನ್ನು ತಗ್ಗಿಸುತ್ತದೆ. ಹಾಗಲಕಾಯಿಗೆ ಉಪ್ಪು ಸವರುವ ಅಡುಗೆಯವರಿಗೆ ಇದು ಹೊಸ ಸಂಗತಿಯಲ್ಲ. ಹುಳಿ ಲಾಲಾರಸವನ್ನು ಹರಿಸಿ, ಎಣ್ಣೆಯ ಜಿಡ್ಡು ಕಟ್ಟಿದ ಬಾಯನ್ನು ತೊಳೆಯುತ್ತದೆ. ಉಪ್ಪು ರಕ್ತಕ್ಕೆ ಸೇರಿದೊಡನೆ ಅದರ ಸಾಂದ್ರತೆ ಏರುತ್ತದೆ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ಇದನ್ನು ಗುರುತಿಸಿ ಬಾಯಾರಿಕೆಯನ್ನು ಹುಟ್ಟಿಸುತ್ತದೆ. ಅತ್ತ ಮದ್ಯಸಾರವು ಮೂತ್ರವನ್ನು ಹಿಡಿದಿಡುವ ಹಾರ್ಮೋನನ್ನು ತಡೆದು, ಕುಡಿದ ನೀರನ್ನೂ ಹೊರಗೆ ಕಳಿಸುತ್ತದೆ. ಬಾಯಾರಿದವನು ನೀರಿಗೆ ಬದಲಾಗಿ ಮತ್ತೆ ಲೋಟಕ್ಕೇ ಕೈ ಚಾಚುತ್ತಾನೆ. ಉಪ್ಪುಗಡಲೆಯನ್ನು ಪುಕ್ಕಟೆಯಾಗಿ ಹಂಚುವ ಮದ್ಯದಂಗಡಿಗಳು ದಾನಶೂರರಲ್ಲ!

ಖಾರದ ಕತೆ ಬೇರೆ. ನಾಲಗೆಯಲ್ಲಿ ಬಿಸಿಯನ್ನು ಅರಿಯುವ ಒಂದು ಗ್ರಾಹಕವಿದೆ. ಸುಮಾರು ೪೨ ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಎಚ್ಚರಗೊಂಡು "ಸುಡುತ್ತಿದೆ" ಎಂದು ವರದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಅದೇ ಗ್ರಾಹಕಕ್ಕೆ ಅಂಟಿಕೊಂಡು ಸುಳ್ಳು ವರದಿಯನ್ನು ಕಳಿಸುವಂತೆ ಮಾಡುತ್ತದೆ. ಮದ್ಯಸಾರವಾದರೋ ಆ ಗ್ರಾಹಕ ಎಚ್ಚರಗೊಳ್ಳುವ ಮಟ್ಟವನ್ನೇ ಕೆಲವು ಡಿಗ್ರಿಗಳಷ್ಟು ಕೆಳಗಿಳಿಸಿ, ನಮ್ಮ ದೇಹದ ಸಹಜ ಉಷ್ಣತೆಗೂ ಅದು ಕೂಗಿಕೊಳ್ಳುವಂತೆ ಮಾಡುತ್ತದೆ. ಗಂಟಲಿನಲ್ಲಿ ಮದ್ಯ "ಉರಿಯುತ್ತ" ಇಳಿಯುವುದು ಇದರಿಂದಲೇ. ಖಾರ ಮತ್ತು ಮದ್ಯ ಕೂಡಿದರೆ ಉರಿ ಇಮ್ಮಡಿಯಾಗುವುದು ಸಹಜ. ಖಾರ ನೀರಿನಲ್ಲಿ ಕರಗುವುದಿಲ್ಲ. ಮಜ್ಜಿಗೆಯಲ್ಲಿರುವ ಕೇಸೀನ್ ಎಂಬ ಪ್ರೋಟೀನು ಅದನ್ನು ನಾಲಗೆಯಿಂದ ಬಿಡಿಸಿಕೊಂಡು ಹೋಗುತ್ತದೆ. ಇದನ್ನು ಒಂದು ಹಸಿಮೆಣಸಿನಕಾಯಿ, ಒಂದು ಲೋಟ ನೀರು, ಒಂದು ಲೋಟ ಮಜ್ಜಿಗೆಗಳಿಂದ ಯಾವ ವಿದ್ಯಾರ್ಥಿಯಾದರೂ ಪರೀಕ್ಷಿಸಿ ನೋಡಬಹುದು.

ಹಸಿವಿಗೂ ಮದ್ಯಕ್ಕೂ ನೇರವಾದ ಸಂಬಂಧವುಂಟು. ೨೦೧೭ರಲ್ಲಿ ಲಂಡನ್ನಿನ ಸಂಶೋಧಕರು, ಉಪವಾಸವಿದ್ದಾಗ ಕೆಲಸಮಾಡುವ ಮಿದುಳಿನ ನರಕೋಶಗಳನ್ನೇ ಮದ್ಯಸಾರವು ಇಲಿಗಳಲ್ಲಿ ಪ್ರಚೋದಿಸುತ್ತದೆಂದು ತೋರಿಸಿದರು. ಹೊಟ್ಟೆ ತುಂಬಿದ್ದರೂ ಮಿದುಳು "ಹಸಿವು" ಎನ್ನುತ್ತದೆ.

ಜಠರದ ಕೆಳಬಾಗಿಲು

ಈಗ ಆರಂಭದಲ್ಲಿ ಹೇಳಿದ ಅರ್ಧ ನಿಜಕ್ಕೆ ಬರೋಣ. ಕುಡಿದ ಮದ್ಯಸಾರದಲ್ಲಿ ಸುಮಾರು ಐದರಲ್ಲೊಂದು ಪಾಲು ಮಾತ್ರ ಜಠರದ ಗೋಡೆಯ ಮೂಲಕ ರಕ್ತಕ್ಕೆ ಸೇರುತ್ತದೆ. ಉಳಿದುದೆಲ್ಲ ಸೇರುವುದು ಸಣ್ಣ ಕರುಳಿನಲ್ಲಿ. ಅದರ ಒಳಮೈಯ ವಿಸ್ತಾರ ಬಹು ದೊಡ್ಡದು. ಜಠರಕ್ಕೂ ಸಣ್ಣ ಕರುಳಿಗೂ ನಡುವೆ ಸ್ನಾಯುವಿನ ಬಾಗಿಲೊಂದಿದೆ. ಹೊಟ್ಟೆ ಖಾಲಿಯಾಗಿದ್ದರೆ ದ್ರವಪದಾರ್ಥ ಆ ಬಾಗಿಲನ್ನು ಬೇಗನೆ ದಾಟಿಬಿಡುತ್ತದೆ. ಗಟ್ಟಿ ಆಹಾರವಿದ್ದರೆ, ಅದರಲ್ಲಿಯೂ ಜಿಡ್ಡಿನ ಆಹಾರವಿದ್ದರೆ, ಬಾಗಿಲು ಹೆಚ್ಚು ಹೊತ್ತು ಮುಚ್ಚಿಕೊಂಡಿರುತ್ತದೆ. ಎಣ್ಣೆ ಬೆಣ್ಣೆಗಳು ಹೊಟ್ಟೆಯ ಒಳಗೋಡೆಗೆ ಲೇಪವಾಗಿ ಮದ್ಯವನ್ನು ತಡೆಯುತ್ತವೆಂಬ ಜನರ ಕಲ್ಪನೆ ಸರಿಯಲ್ಲ. ಜಿಡ್ಡು ಸಣ್ಣ ಕರುಳನ್ನು ಮುಟ್ಟಿದಾಗ ಅಲ್ಲಿಂದ ಹೊರಡುವ ಹಾರ್ಮೋನುಗಳು "ಸಾವಕಾಶ" ಎಂದು ಜಠರಕ್ಕೆ ಸುದ್ದಿ ಕಳಿಸುತ್ತವೆ. ನಿಜವಾಗಿ ನಡೆಯುವುದು ಇದು. ಹೀಗೆ ತಡವಾದಾಗ ಮದ್ಯಸಾರದ ಸ್ವಲ್ಪ ಭಾಗ ರಕ್ತದಲ್ಲಿ ದೇಹವನ್ನು ಸುತ್ತುವ ಮೊದಲೇ ಜಠರ ಮತ್ತು ಯಕೃತ್ತುಗಳಲ್ಲಿ ಒಡೆದುಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತುದಿ ಮುಟ್ಟುವ ರಕ್ತದ ಮದ್ಯಸಾರ, ತುಂಬಿದ ಹೊಟ್ಟೆಯಲ್ಲಿ ಇನ್ನೂ ತಡವಾಗಿ, ಇನ್ನೂ ತಗ್ಗಿದ ತುದಿಯನ್ನು ಮುಟ್ಟುತ್ತದೆ. ಚಕ್ಕಣದ ಪರವಾಗಿ ಹೇಳಬೇಕಾದ ಇನ್ನೊಂದು ಮಾತುಂಟು. ಮದ್ಯಸಾರವನ್ನು ಒಡೆಯುವ ಕೆಲಸದಲ್ಲಿ ತೊಡಗಿದ ಯಕೃತ್ತು ಹೊಸದಾಗಿ ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಕೊಡಲಾರದು. ದಿನವೆಲ್ಲ ಉಪವಾಸ ದುಡಿದು ಸಂಜೆ ಬರಿಹೊಟ್ಟೆಯಲ್ಲಿ ಕುಡಿದ ಕೂಲಿಯವನ ರಕ್ತದಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕಡಲೆ ಹುರುಳಿಗಳು ಅಲ್ಲಿ ನಿಜವಾಗಿಯೂ ಉಪಕಾರ ಮಾಡುತ್ತವೆ.

ನಿಜದ ಅರ್ಧ ಇಲ್ಲಿಗೆ ಮುಗಿಯಿತು. ಉಳಿದ ಅರ್ಧಕ್ಕೆ ಸ್ವಲ್ಪ ಲೆಕ್ಕ ಬೇಕು. ನಮ್ಮ ದೇಶದ ವಿಸ್ಕಿ, ಬ್ರಾಂದಿ, ರಮ್ಮುಗಳ ಸೀಸೆಯ ಮೇಲೆ ಸಾಮಾನ್ಯವಾಗಿ ನೂರಕ್ಕೆ ೪೨.೮ ಎಂದು ಅಚ್ಚಾಗಿರುತ್ತದೆ. ೬೦ ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ ಸುಮಾರು ೨೫.೭ ಮಿಲಿಲೀಟರು ಮದ್ಯಸಾರ. ಅದರ ಸಾಂದ್ರತೆ ೦.೭೯ ಆದುದರಿಂದ ತೂಕ ಸುಮಾರು ೨೦ ಗ್ರಾಂ. ಸ್ವೀಡನ್ನಿನ ವಿಡ್‌ಮಾರ್ಕ್ ಎಂಬ ವಿಜ್ಞಾನಿ ೧೯೩೨ರಲ್ಲಿ ಪ್ರಕಟಿಸಿದ ಸೂತ್ರದಂತೆ, ಗಂಡಸಿನ ದೇಹದಲ್ಲಿ ಮದ್ಯಸಾರ ಹರಡಿಕೊಳ್ಳುವ ಭಾಗ ತೂಕದ ಸುಮಾರು ೦.೬೮ ಪಾಲು, ಹೆಂಗಸಿನಲ್ಲಿ ಸುಮಾರು ೦.೫೫. ೬೦ ಕಿಲೋಗ್ರಾಂ ತೂಕದ ಗಂಡಸಿಗೆ ಇದು ೪೧ ಕಿಲೋ ಆಯಿತು. ೨೦ ಗ್ರಾಮನ್ನು ೪೧ ಕಿಲೋಗೆ ಹಂಚಿದರೆ ಪ್ರತಿ ೧೦೦ ಮಿಲಿಲೀಟರು ರಕ್ತಕ್ಕೆ ಹತ್ತಿರ ಹತ್ತಿರ ೫೦ ಮಿಲಿಗ್ರಾಂ. ವಾಹನ ನಡೆಸುವವನಿಗೆ ನಮ್ಮ ಮೋಟಾರು ವಾಹನ ಕಾಯಿದೆ ಹಾಕಿರುವ ಮಿತಿ ೩೦ ಮಿಲಿಗ್ರಾಂ. ಈ ಲೆಕ್ಕ ಎಲ್ಲವೂ ಒಮ್ಮೆಗೇ ರಕ್ತಕ್ಕೆ ಸೇರಿದರೆ ಎಂಬ ಊಹೆಯದು. ಚಕ್ಕಣವಿದ್ದರೆ ತುದಿ ಇದಕ್ಕಿಂತ ಕೆಳಗಿರುತ್ತದೆಂಬುದನ್ನು ಒಪ್ಪೋಣ. ಆದರೆ ಯಕೃತ್ತು ಗಂಟೆಗೆ ಒಡೆಯಬಲ್ಲುದು ಸುಮಾರು ೬ರಿಂದ ೧೦ ಗ್ರಾಂ ಮಾತ್ರ. ಹೊಟ್ಟೆ ತುಂಬಿದ್ದರೆ ಈ ವೇಗ ಸ್ವಲ್ಪ ಹೆಚ್ಚುತ್ತದೆ, ಹಲವು ಮಡಿ ಹೆಚ್ಚುವುದಿಲ್ಲ. ಎರಡು ಪೆಗ್ಗಿನ ೪೦ ಗ್ರಾಂ ಹೊರಟುಹೋಗಲು ಕಡಮೆಯೆಂದರೆ ೪ ಗಂಟೆ ಬೇಕು. ೬ ಗಂಟೆ ಮೀರಿದರೂ ಆಶ್ಚರ್ಯವಿಲ್ಲ. ಮೊಟ್ಟೆಯಾಗಲಿ ಬೋಟಿಯಾಗಲಿ ನಿಂಬೆಯ ರಸವಾಗಲಿ ತಣ್ಣೀರ ಸ್ನಾನವಾಗಲಿ ಈ ಗಡಿಯಾರವನ್ನು ಓಡಿಸಲಾರವು.

ಅಪಾಯ ಇರುವುದು ತಡವಾಗುವಿಕೆಯಲ್ಲಿಯೇ. ಬರಿಹೊಟ್ಟೆಯಲ್ಲಿ ಕುಡಿದವನು ಎದ್ದು ನಿಲ್ಲುವ ಮೊದಲೇ ತೂರಾಡಿ, ಸ್ನೇಹಿತರಿಂದ ತಡೆಯಲ್ಪಡುವ ಸಂಭವವುಂಟು. ಚೆನ್ನಾಗಿ ತಿಂದು ಕುಡಿದವನು ಎದ್ದಾಗ ನೆಟ್ಟಗೆ ನಿಲ್ಲುತ್ತಾನೆ, ಸರಿಯಾಗಿ ಮಾತನಾಡುತ್ತಾನೆ, ತನಗೇನೂ ಆಗಿಲ್ಲವೆಂದು ಪ್ರಾಮಾಣಿಕವಾಗಿ ನಂಬುತ್ತಾನೆ. ಅವನು ಕುಡಿದುದರ ಒಂದು ಪಾಲು ಇನ್ನೂ ಜಠರದಲ್ಲಿಯೇ ಇದೆ. ಹಳೇಬೀಡಿನಿಂದ ಬೇಲೂರಿಗೆ ೧೬ ಕಿಲೋಮೀಟರು, ದ್ವಿಚಕ್ರವಾಹನದಲ್ಲಿ ಅರ್ಧ ಗಂಟೆಯ ದಾರಿ. ಬಾಗಿಲು ತೆರೆದು ಮದ್ಯಸಾರ ಕರುಳಿಗೆ ಇಳಿಯುವುದು, ರಕ್ತದಲ್ಲಿ ಏರುವುದು, ತಿರುವಿನಲ್ಲಿ ಎದುರಿನ ಲಾರಿಯ ದೀಪ ಕಣ್ಣಿಗೆ ಬೀಳುವುದು ಮೂರೂ ಆ ಅರ್ಧ ಗಂಟೆಯೊಳಗೇ ನಡೆಯಬಹುದು. ಕಾಲೇಜಿನ ಗೆಳೆಯನೊಬ್ಬ "ಚೆನ್ನಾಗಿ ತಿಂದಿದ್ದೇನೆ, ಗಾಡಿ ನಾನೇ ಓಡಿಸುತ್ತೇನೆ" ಎಂದಾಗ ಬೀಗದ ಕೈಯನ್ನು ಅವನಿಗೆ ಕೊಡದಿರಲು ಇಷ್ಟು ಶರೀರಶಾಸ್ತ್ರ ಸಾಕು.

ಲವಂಗ, ಏಲಕ್ಕಿ, ಈರುಳ್ಳಿಗಳನ್ನು ಅಗಿದು ಪೋಲೀಸರ ಉಸಿರುಯಂತ್ರವನ್ನು ವಂಚಿಸಬಹುದೆಂದು ನಂಬುವವರೂ ಇದ್ದಾರೆ. ಯಂತ್ರ ಅಳೆಯುವುದು ಬಾಯಿಯ ವಾಸನೆಯನ್ನಲ್ಲ. ಶ್ವಾಸಕೋಶದಲ್ಲಿ ರಕ್ತದಿಂದ ಗಾಳಿಗ

ೆ ಹಾಯುವ ಮದ್ಯಸಾರದ ಆವಿಯನ್ನು ಅದು ಅಳೆಯುತ್ತದೆ. ರಕ್ತದ ಪ್ರಮಾಣಕ್ಕೂ ಉಸಿರಿನ ಪ್ರಮಾಣಕ್ಕೂ ಇರುವ ಅನುಪಾತ ಸುಮಾರು ೨೧೦೦ಕ್ಕೆ ೧; ಕಾಲೇಜಿನಲ್ಲಿ ಓದುವ ಹೆನ್ರಿಯ ನಿಯಮವೇ ಇದರ ಆಧಾರ. ಲವಂಗಕ್ಕೆ ಅಲ್ಲಿ ಪ್ರವೇಶವಿಲ್ಲ.

ಮತ್ತೊಂದು ಸಂಗತಿ. ಪಂಪನ ಕಾಲದ ಕಳ್ಳು, ಈಚಲ ಹೆಂಡ, ಫಿಲಿಪ್ಪೀನ್ಸಿನ ಟೂಬಾ ಇವೆಲ್ಲ ಹುದುಗಿಸಿದ ಪಾನಗಳು. ಯೀಸ್ಟ್ ತಾನು ಮಾಡಿದ ಮದ್ಯಸಾರದಲ್ಲಿ ತಾನೇ ಸಾಯುವುದರಿಂದ ಅವುಗಳ ಬಲಕ್ಕೆ ಪ್ರಕೃತಿಯೇ ಒಂದು ಮೇರೆ ಹಾಕಿದೆ. ಬಟ್ಟಿಯಿಳಿಸುವ ವಿದ್ಯೆ ಆ ಮೇರೆಯನ್ನು ಕಿತ್ತುಹಾಕಿತು. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿ ನಿಷೇಧವಾಯಿತು. ಹಳ್ಳಿಯವರ ಕೈಗೆ ಅದರ ಬದಲು ಸಣ್ಣ ಪೊಟ್ಟಣಗಳ ವಿಸ್ಕಿ ಬ್ರಾಂದಿಗಳು ಬಂದವು. ಪಾನದ ಬಲ ಹೆಂಡದ ಎಂಟು ಹತ್ತು ಮಡಿಯಾಗಿದೆ. ತಟ್ಟೆ ಮಾತ್ರ ಅದೇ ಹಿಡಿ ಗಾತ್ರದ್ದು.

ಕಳ್ಳಬಟ್ಟಿಯಲ್ಲಿ ಮೀಥೈಲ್ ಆಲ್ಕೊಹಾಲ್ ಬೆರೆತರೆ ಯಾವ ಚಕ್ಕಣವೂ ಕಾಪಾಡದು. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ೧೯೮೧ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಇದರಿಂದ ಸತ್ತರು. ೨೦೧೯ರ ಡಿಸೆಂಬರಿನಲ್ಲಿ ಫಿಲಿಪ್ಪೀನ್ಸಿನಲ್ಲಿ ಕಲಬೆರಕೆಯ ಲಂಬನೋಗ್ ಕುಡಿದವರ ಗತಿಯೂ ಇದೇ ಆಯಿತು. ದೃಷ್ಟಿ ಮಂಜಾಯಿತೆಂದರೆ ಒಡನೆ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ. ಮದ್ದು ಇದೆ, ಆದರೆ ಅದಕ್ಕೆ ಹೊತ್ತು ಮೀರಬಾರದು.

ಯಕೃತ್ತಿನ ಮಾತನ್ನು ಇನ್ನಷ್ಟು ಹೇಳುವುದಿದೆ. ಮದ್ಯಸಾರ ಒಡೆದು ಮೊದಲು ಆಗುವುದು ಅಸಿಟಾಲ್ಡಿಹೈಡ್ ಎಂಬ ವಿಷ. ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆ ೧೯೮೮ರಲ್ಲಿಯೇ ಮದ್ಯವನ್ನು ಅರ್ಬುದಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ ೨೦೨೩ರ ಜನವರಿಯಲ್ಲಿ, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ಸಾರಿತು. ಮದ್ಯಸಾರವನ್ನು ದೇಹ ಕೂಡಿಡಲಾರದು. ಆದುದರಿಂದ ಅದನ್ನೇ ಮೊದಲು ಉರಿಸಿ, ತಟ್ಟೆಯಿಂದ ಬಂದ ಕೊಬ್ಬನ್ನು ಹಾಗೆಯೇ ಉಳಿಸುತ್ತದೆ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು ೨೫ ಗ್ರಾಂ ಪ್ರೋಟೀನೂ ೪೮ ಗ್ರಾಂ ಕೊಬ್ಬೂ ಇದ್ದು, ಸುಮಾರು ೫೭೦ ಕಿಲೋಕ್ಯಾಲೊರಿ ಶಕ್ತಿ ದೊರೆಯುತ್ತದೆ. ಬಡವನ ಬಾದಾಮಿ ಎನ್ನುವುದು ಉತ್ಪ್ರೇಕ್ಷೆಯಲ್ಲ. ಆದರೆ ಆ ಹೊತ್ತಿನ ಕೊಬ್ಬು ಸಂಗ್ರಹಕ್ಕೇ ಹೋಗುತ್ತದೆ, ಕೆಲಮಟ್ಟಿಗೆ ಯಕೃತ್ತಿನ ಒಳಗೇ.

ಕಡಲೆಕಾಯಿಯಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಅಪಾಯವಿದೆ. ಇದು ಕುಡಿಯುವವರಿಗಷ್ಟೇ ಅಲ್ಲ, ಜಾತ್ರೆಯಲ್ಲಿ ಪೊಟ್ಟಣ ಕೊಳ್ಳುವ ಮಕ್ಕಳಿಗೂ ಸಂಬಂಧಿಸಿದ್ದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕ ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ವಿಷ ಸಿಕ್ಕಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅದನ್ನು ಮಾಡುವುದರಿಂದ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಅದು ಹಾಳುಮಾಡುವ ಅಂಗವೂ ಯಕೃತ್ತೇ. ಅರ್ಬುದವನ್ನು ಉಂಟುಮಾಡುವ ವಸ್ತುಗಳಲ್ಲಿ ಬಹು ಪ್ರಬಲವಾದುದು. ಕೊಯ್ಲಿನ ಹೊತ್ತಿನ ಮಳೆ, ಸರಿಯಾಗಿ ಒಣಗಿಸದ ಕಾಯಿ, ತೇವದ ಗೋಣಿ ಇವು ಬೂಷ್ಟಿಗೆ ಅನುಕೂಲ. ಕೊಬ್ಬರಿಯೂ ಸರಿಯಾಗಿ ಒಣಗದಿದ್ದರೆ ಇದಕ್ಕೆ ಹೊರತಲ್ಲ. ಹುರಿಯುವುದರಿಂದ ವಿಷ ಕಡಮೆಯಾದೀತೇ ಹೊರತು ಪೂರ್ತಿ ನಾಶವಾಗದು. ಉಪ್ಪು ಖಾರಗಳು ಅದರ ಗುರುತನ್ನು ಮರೆಸುತ್ತವೆ. ಒಳ್ಳೆಯ ಗಾಡಿಯವನು ಹುರಿಯುವ ಮೊದಲು ಬೀಜವನ್ನು ಮೊರದಲ್ಲಿ ಹರಡಿ ಸುಕ್ಕಿದವನ್ನೂ ಬಣ್ಣಗೆಟ್ಟವನ್ನೂ ಬೂಷ್ಟು ಹಿಡಿದವನ್ನೂ ಆರಿಸಿ ಎಸೆಯುತ್ತಾನೆ. ಅವನ ಕೈ ತಪ್ಪಿಸಿಕೊಂಡು ಬಂದ ಕಹಿಬೀಜ ಬಾಯಿಗೆ ಸಿಕ್ಕಿದರೆ, ಪಕ್ಕದವರು ಏನೆಂದುಕೊಂಡರೂ ಸರಿ, ಅದನ್ನು ನುಂಗದೆ ಉಗುಳಿಬಿಡಬೇಕು.